ಕುಮೇರಿ ಬೇರೆ, ಕುಮ್ಕಿ ಬೇರೆ ಅಲ್ವಾ?

ದಕ್ಷಿಣ ಕನ್ನಡದ ಜಮೀನಿನ ಕಾಗದಗಳಲ್ಲಿ 'ಕುಮ್ಕಿ' ಅಂತ ಕಾಣುತ್ತದೆ. ಅದೇ ಕಡೆ ಗುಡ್ಡಗಳಿಗೆ, ಮನೆಗಳಿಗೆ 'ಕುಮೇರಿ' ಅನ್ನೋ ಹೆಸರಿದೆ. ಒಂದು ಇನ್ನೊಂದರ ಸವೆದ ರೂಪ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಕುಮೇರಿ, ಅಂದರೆ ಘಟ್ಟದ ಮೇಲಿನವರ ಕುಮರಿ ಅಥವಾ ಕುಮ್ರಿ, ಕಾಡು ಸುಟ್ಟು ಮಾಡುವ ಬೇಸಾಯ. ಇಳಿಜಾರಿನ ಮರ, ಪೊದೆ ಕಡಿದು ಒಣಗಲು ಬಿಡುತ್ತಿದ್ದರು. ಮಳೆಗೆ ಮುಂಚೆ ಬೆಂಕಿ. ಆ ಬೂದಿಯಲ್ಲೇ ರಾಗಿ ಬಿತ್ತನೆ, ನೇಗಿಲಿನ ಗೊಡವೆಯೇ ಇಲ್ಲ. ಒಂದೆರಡು ಬೆಳೆ ತೆಗೆದು ಬೇರೆ ಜಾಗಕ್ಕೆ ಹೋಗುವುದು, ಕಾಡು ಬೆಳೆದ ಮೇಲೆ ಮತ್ತೆ ಬರುವುದು. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅಪ್ಪಣೆಯಿಲ್ಲದೆ ಕುಮರಿ ಮಾಡಬಾರದು ಅಂದಿತು. ಇಂಗ್ಲಿಷಿಗೆ ಹೋದ ನಮ್ಮ ಕಡೆಯ ಪದಗಳ ಹಳೇ ನಿಘಂಟು ಹಾಬ್ಸನ್-ಜಾಬ್ಸನ್ ಈ ಪದವನ್ನು ಮರಾಠಿಯ 'ಕುಂಬರಿ'ಗೆ ಜೋಡಿಸುತ್ತದೆ. ಸಾರವಿಲ್ಲದ ಗುಡ್ಡದ ಇಳಿಜಾರು ಅಂತ ಅರ್ಥವಂತೆ. ಮರಾಠಿ ಬಲ್ಲವರು ಹೇಳಬೇಕು.

ಕುಮ್ಕಿಯ ಕಥೆಯೇ ಬೇರೆ. ಹಳೆಯ ವರ್ಗ ಜಮೀನಿನ, ಅಂದರೆ ರೈತನ ಹೆಸರಲ್ಲಿ ಕಂದಾಯಕ್ಕೆ ದಾಖಲಾದ ಜಮೀನಿನ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ ಅದು. ಗದ್ದೆ ತೋಟಕ್ಕೆ ಬೇಕಾದ ಸೊಪ್ಪು, ತರಗೆಲೆ, ಹುಲ್ಲು ಅಲ್ಲಿಂದ ತರುವ ಹಕ್ಕು ರೈತನದು, ಜಾಗ ಮಾತ್ರ ಅವನದಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 79ನೇ ಕಲಮಿನಲ್ಲಿ ಕುಮ್ಕಿ, ಹಾಗೇ ಇಂಥದೇ ಸವಲತ್ತಿನ ಜಾಗಗಳಾದ ಬಾಣೆ, ಕಾನ, ಸೊಪ್ಪಿನ ಬೆಟ್ಟ ಎಲ್ಲ ಒಟ್ಟಿಗೆ ಬರುತ್ತವೆ. ಪದದ ಮೂಲ 'ನೆರವು' ಎಂಬರ್ಥದ ಕುಮಕ್, ಪಾರಸಿಯಿಂದ ಬಂದದ್ದು. 'ಜಗಳಕ್ಕೆ ಕುಮ್ಮಕ್ಕು ಕೊಟ್ಟ' ಅಂತೀವಲ್ಲ, ಅದೇ! ಗದ್ದೆಗೆ ಗುಡ್ಡದ ಕುಮ್ಮಕ್ಕು.

ನೆಲದ ಮೇಲೂ ಇವು ಬೇರೆ ಬೇರೆ. ಕುಮ್ಕಿ ತೋಟದ ಬೆನ್ನಿಗೇ ಇರುತ್ತದೆ. ಸೊಪ್ಪು ಕಡಿದು ಕಡಿದು ಬೋಳಾದ ಮರಗಳು, ನಡುವೆ ಹುಲ್ಲು. ಹಳೇ ಕುಮೇರಿ ಊರಿಂದ ದೂರ, ಮೇಲೆ. ಅಲ್ಲಿ ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು, ಮುದಿ ಮರ ಕಡಿಮೆ. ಅಗೆದರೆ ಇದ್ದಿಲ ಚೂರು ಸಿಗುವುದೂ ಉಂಟು. ಈಗ ಎಷ್ಟೋ ಗುಡ್ಡಗಳ ಮೇಲೆ ರಬ್ಬರ್ ಬಂದಿದೆ. ಅಂಥಲ್ಲಿ ಹೆಸರೊಂದೇ ಸಾಕ್ಷಿ.

ಮಲೆನಾಡಿನವರಿಗೆ ನನ್ನ ಪ್ರಶ್ನೆ: ನಿಮ್ಮಲ್ಲಿ 'ಹಕ್ಕಲು' ಅಂದರೆ ಹೀಗೆ ಸುಟ್ಟು ಬಿತ್ತಿದ ಜಾಗವೂ ಸೇರುತ್ತದಾ, ಇಲ್ಲ ಬರೀ ಉತ್ತು ಬಿತ್ತುವ ಒಣ ಹೊಲವಾ? ಬೆಳೆ ತೆಗೆದು ಬಿಟ್ಟ, ಇನ್ನೂ ಕಾಡಾಗದ ಕುಮರಿಗೆ ಹಿರಿಯರು ಏನನ್ನುತ್ತಿದ್ದರು? ಊರಿನ ಹೆಸರಿನ ಸಮೇತ ಬರೆದರೆ ಒಳ್ಳೆಯದು.