ಸಹಾಯ ಬೇಕು: ನಾಲ್ಕೇ ಬಾಡಿಗೆ ಮನೆಗೆ ಮ್ಯಾನೇಜರ್ ಇಟ್ರೆ ಗಿಟ್ಟುತ್ತಾ?

ಬೆಂಗಳೂರಿನ ವಿಜಯನಗರದಲ್ಲಿ ಒಂದೇ ಕಟ್ಟಡ, ನಾಲ್ಕು ಮನೆ, ತಲಾ 18,000 ಬಾಡಿಗೆ. ಓನರ್ ಇರೋದು ಶಿವಮೊಗ್ಗದಲ್ಲಿ. ಬಾಡಿಗೆ ಯುಪಿಐನಲ್ಲಿ ಬಂದುಬಿಡುತ್ತೆ, ಅದು ತಲೆನೋವಲ್ಲ. ತಲೆನೋವು ನೀರಿಂದು. ಸಂಪಿನ ಫ್ಲೋಟ್ ಸ್ವಿಚ್ ಕೆಟ್ರೆ ಮೋಟರ್ ನೀರಿಲ್ಲದೆ ಓಡಿ ವೈಂಡಿಂಗ್ ಸುಡುತ್ತೆ. ಆಮೇಲೆ ರೀವೈಂಡಿಂಗ್ ದುಡ್ಡು ಯಾರದು ಅಂತ ನಾಲ್ಕು ಮನೆಯವರ ಜಗಳ.

ಕೆಳಗಿನ ಮನೆಯವರಿಗೆ ಬಾಡಿಗೇಲಿ 1,000 ಬಿಟ್ಟು ಮೋಟರ್ ಜವಾಬ್ದಾರಿ ಕೊಟ್ಟಿದ್ದಾಯ್ತು. ಮಿಕ್ಕವರು "ನೀವೂ ಬಾಡಿಗೆಯವರೇ ತಾನೆ" ಅಂತಾರೆ. ಬ್ರೋಕರ್ ಒಂದು ತಿಂಗಳ ಬಾಡಿಗೆ ತಗೊಂಡು ಜನ ತರ್ತಾನೆ, ಆಮೇಲೆ ಫೋನೇ ಎತ್ತಲ್ಲ.

ಈಗ ಮ್ಯಾನೇಜರ್ ಒಬ್ಬರು ಬಾಡಿಗೆಯ 8%, ಅದರ ಮೇಲೆ 18% ಜಿಎಸ್‌ಟಿ ಕೇಳ್ತಿದ್ದಾರೆ. 72,000ಕ್ಕೆ ತಿಂಗಳಿಗೆ ಸುಮಾರು 6,800, ವರ್ಷಕ್ಕೆ 81,600. ಅಂದ್ರೆ ಒಂದು ಮನೆ ನಾಲ್ಕೂವರೆ ತಿಂಗಳು ಖಾಲಿ ಬಿದ್ದಷ್ಟು! ಇನ್‌ಕಮ್ ಟ್ಯಾಕ್ಸಲ್ಲೂ ರಿಪೇರಿ, ನಿರ್ವಹಣೆ ಅಂತ ಸಿಗೋದು ಒಟ್ಟಿಗೆ 30% ಕಡಿತ ಅಷ್ಟೇ, ಈ ಫೀಸನ್ನ ಬೇರೆ ಕಳೆಯೋಕಾಗಲ್ಲ.

ಗೊಂದಲ ಇಷ್ಟೇ: ನಾಲ್ಕು ಮನೆಗೆ ಪರ್ಸೆಂಟ್ ಲೆಕ್ಕದ ಮ್ಯಾನೇಜರ್ ಸರೀನಾ, ಇಲ್ಲಾ ನೀರು-ರಿಪೇರಿಗೆ ಮಾತ್ರ ತಿಂಗಳಿಗಿಷ್ಟು ಅಂತ ಒಬ್ಬರನ್ನ ಗೊತ್ತು ಮಾಡೋದು ವಾಸೀನಾ? ಎಷ್ಟು ಮನೆ ದಾಟಿದ್ರೆ ಮ್ಯಾನೇಜರ್ ಗಿಟ್ಟುತ್ತೆ? ಮನೆ ಖಾಲಿ ಇದ್ದಾಗ ಫೀಸಿಲ್ಲ ಅನ್ನೋ ಷರತ್ತು ಯಾರಾದ್ರೂ ಹಾಕಿಸಿದ್ದೀರಾ?