ನಾಲ್ಕು ವರ್ಷದ ಮಗುವಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ಒಬ್ಬ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ನಾಲ್ಕು ವರ್ಷ ತುಂಬಿದೆ. ವರ್ಣಮಾಲೆಯನ್ನು ತಡವರಿಸದೆ ಒಪ್ಪಿಸುತ್ತಾನೆ, ನೂರರವರೆಗೆ ಎಣಿಸುತ್ತಾನೆ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು, ತಾನೇ ಅನ್ನ ಕಲಸಿ ತಿನ್ನಲು ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನ್ ಬರುವುದರಿಂದ ಎಲ್ಲವನ್ನೂ ನಾನೇ ಮಾಡಿ ಮುಗಿಸುತ್ತೇನೆ. ಮಧ್ಯಾಹ್ನ ಅತ್ತೆಯವರು ತುತ್ತು ಮಾಡಿ ಬಾಯಿಗಿಡುತ್ತಾರೆ. ಮೊನ್ನೆ ಅವನು ತಾನಾಗಿಯೇ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಲು ಹೋಗಿ ನೆಲವೆಲ್ಲ ಒದ್ದೆಯಾದಾಗ ನಾನು ಗದರಿದೆ. ಅಂದಿನಿಂದ ಅವನು ಚೊಂಬನ್ನು ಮುಟ್ಟುತ್ತಿಲ್ಲ; ಬಾಯಾರಿದರೆ ಅದರ ಪಕ್ಕದಲ್ಲೇ ನಿಂತು ನನ್ನನ್ನು ಕರೆಯುತ್ತಾನೆ. ಇದನ್ನು ಹೇಗೆ ಸರಿಪಡಿಸಲಿ?

ಉತ್ತರ 1: ಮಾಂಟೆಸೊರಿ ಶಿಕ್ಷಕಿ, ಮೈಸೂರು

ನಮಸ್ಕಾರ ಮೇಡಂ. ಮಗು ಚೊಂಬಿನ ಪಕ್ಕದಲ್ಲಿ ನಿಂತು ಕರೆಯುತ್ತಾನೆ ಎಂದಿರಿ. ಎಂದರೆ ಆಸೆ ಇನ್ನೂ ಇದೆ, ಅಲ್ಲಿಂದಲೇ ಆರಂಭಿಸಿ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ ಅವರು ‘ಮಕ್ಕಳ ಮನೆ’ ಎಂಬ ಶಾಲೆಯನ್ನು ತೆರೆದಾಗಿನಿಂದ ಇಂದಿನವರೆಗೂ ಅವರ ಪದ್ಧತಿಯಲ್ಲಿ ಸುರಿಯುವುದು, ಗುಡಿಸುವುದು, ಗುಂಡಿ ಹಾಕುವುದು ಇವೆಲ್ಲ ಅಕ್ಷರದಷ್ಟೇ ಮಹತ್ವದ ಪಾಠಗಳು.

ದೊಡ್ಡವರ ಚೊಂಬು ಮಗುವಿನ ಮಣಿಕಟ್ಟಿಗೆ ಭಾರ. ಒಂದೇ ಕೈಯಲ್ಲಿ ಎತ್ತಬಲ್ಲಂಥ, ಮೂತಿಯಿರುವ ಸಣ್ಣ ಪಾತ್ರೆಯೊಂದನ್ನು ಅವನಿಗೆಂದೇ ಇಡಿ. ಮೊದಲ ಕೆಲವು ದಿನ ನೀರು ಬೇಡ, ಒಣಗಿದ ಹೆಸರುಕಾಳು ಸಾಕು. ಚೆಲ್ಲಿದರೆ ಹೆಕ್ಕಿಕೊಳ್ಳಬಹುದು, ಹೆಕ್ಕುವುದೂ ಒಂದು ಅಭ್ಯಾಸವೇ. ಅಂಚಿರುವ ತಟ್ಟೆಯ ಮೇಲಿಟ್ಟು ಮಾಡಿಸಿದರೆ ಕಾಳು ದೂರ ಹೋಗುವುದಿಲ್ಲ. ಅನಂತರ ನೀರು ಕೊಡುವಾಗ ಲೋಟದಲ್ಲಿ ಹಿಡಿಯುವಷ್ಟನ್ನೇ ಪಾತ್ರೆಯಲ್ಲಿ ತುಂಬಿಸಿ, ಆಗ ಪೂರ್ತಿ ಬಗ್ಗಿಸಿದರೂ ಉಕ್ಕುವುದಿಲ್ಲ. ಪಕ್ಕದಲ್ಲಿ ಒಂದು ಒರೆಸುವ ಬಟ್ಟೆ ಮಡಿಸಿಟ್ಟಿರಿ, ಮತ್ತು ಅದನ್ನು ಬಳಸುವುದನ್ನು ನೀರು ಚೆಲ್ಲುವ ಮೊದಲೇ ತೋರಿಸಿ. ಚೆಲ್ಲಿದ ಮೇಲೆ ತೋರಿಸಿದರೆ ಅದು ಶಿಕ್ಷೆಯಂತೆ ಕಾಣುತ್ತದೆ.

ತೋರಿಸುವಾಗ ಮಾತು ನಿಲ್ಲಿಸಿ. ನಾವು ಮಾತನಾಡಿದರೆ ಮಗು ನಮ್ಮ ಮುಖ ನೋಡುತ್ತದೆ, ಅದು ನೋಡಬೇಕಾದದ್ದು ನಮ್ಮ ಕೈಯನ್ನು.

ಗುಂಡಿಯನ್ನು ಮೈಮೇಲಿನ ಅಂಗಿಯಲ್ಲಿ ಕಲಿಸಬೇಡಿ. ಗದ್ದದ ಕೆಳಗಿನ ಕಾಜಾ ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ತಂದೆಯ ಹಳೆಯ ಅಂಗಿಗೆ ದೊಡ್ಡ ಗುಂಡಿಗಳನ್ನು ಹೊಲಿದು, ಅದಕ್ಕೆ ತಕ್ಕಂತೆ ಕಾಜಾ ಅಗಲಿಸಿ, ಚಾಪೆಯ ಮೇಲೆ ಹರಡಿ ಕೊಡಿ. ಗುಂಡಿಯ ಅಂಚು ಕಾಜಾದಿಂದ ಇಣುಕಿದಾಗ ಒಂದು ಕ್ಷಣ ನಿಲ್ಲಿಸಿ, ಇನ್ನೊಂದು ಕೈಯಿಂದ ಅದನ್ನು ಹಿಡಿದೆಳೆಯುವುದನ್ನು ತೋರಿಸಿ. ಹೆಚ್ಚಿನ ಮಕ್ಕಳು ತಪ್ಪುವುದು ಆ ಕೈ ಬದಲಾವಣೆಯಲ್ಲಿಯೇ. ಮುಂದೆ ಮೈಮೇಲೆ ಹಾಕಿಕೊಳ್ಳುವಾಗ ಕೆಳಗಿನ ಗುಂಡಿಯಿಂದ ಆರಂಭಿಸಲಿ. ಅವನು ಮುಗಿಸಿದ್ದನ್ನು, ಒಂದು ಗುಂಡಿ ತಪ್ಪಿದ್ದರೂ, ಅವನ ಎದುರಿಗೆ ನೀವು ಮತ್ತೆ ಸರಿಪಡಿಸಬೇಡಿ.

ಉತ್ತರ 2: ಒಬ್ಬ ಅಜ್ಜ, ಮಂಡ್ಯ

ತಾಯಿ, ಟೀಚರ್ ಹೇಳಿದ್ದು ಸರಿ. ನಮ್ಮ ಕಡೆ ಅವರೆಕಾಯಿ ಕಾಲದಲ್ಲಿ ನನ್ನ ಐದು ವರ್ಷದ ಮೊಮ್ಮಗಳು ಮೊರದ ಮುಂದೆ ನಮ್ಮ ಜೊತೆಯಲ್ಲೇ ಕೂರುತ್ತಾಳೆ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಿಮ್ಮುತ್ತದೆ. ಮೊದಮೊದಲು ಅವಳ ಬೇಳೆಗಳು ಗೋಡೆಯವರೆಗೂ ಹಾರುತ್ತಿದ್ದವು. ಈಗ ಎಡಗೈಯನ್ನು ಬೊಗಸೆಯಂತೆ ಅಡ್ಡಹಿಡಿಯುವುದನ್ನು ತಾನೇ ಕಂಡುಕೊಂಡಿದ್ದಾಳೆ. ಆ ದಿನದ ಸಾರಿನಲ್ಲಿ ತಾನು ಹಿದುಕಿದ ಬೇಳೆ ಇದೆ ಎಂದು ಗೊತ್ತಿರುವುದರಿಂದ ಊಟಕ್ಕೆ ಯಾರೂ ಕರೆಯಬೇಕಾಗಿಲ್ಲ. ನಾಳೆ ಬಳಪ ಹಿಡಿಯುವುದೂ ಇದೇ ಬೆರಳುಗಳಿಂದ ಎಂದು ನಿಮ್ಮ ಅತ್ತೆಯವರಿಗೆ ಹೇಳಿ, ಒಪ್ಪಿಯಾರು. ಆದರೆ ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಕಾಳುಗಳ ಬಳಿ ದೊಡ್ಡವರೊಬ್ಬರು ಇರಲೇಬೇಕು. ಮಕ್ಕಳು ಅದನ್ನು ಮೂಗಿಗೆ ಸೇರಿಸಿಕೊಳ್ಳುತ್ತಾರೆ, ಗಂಟಲಿಗೂ ಸಿಕ್ಕಿಕೊಳ್ಳಬಹುದು.

ಉತ್ತರ 3: ಒಬ್ಬ ತಂದೆ, ಬೆಂಗಳೂರು

ಬೆಳಗಿನ ಹೊತ್ತಿನಲ್ಲಿ ಇದಾವುದೂ ಸಾಧ್ಯವಿಲ್ಲ, ಪ್ರಯತ್ನಿಸಿ ಸೋತಿದ್ದೇವೆ. ನಾವು ಸಂಜೆಗೆ ಬದಲಾಯಿಸಿದೆವು. ಮಗಳು ಮರುದಿನದ ಸಮವಸ್ತ್ರವನ್ನು ರಾತ್ರಿಯೇ ತೆಗೆದಿಡುತ್ತಾಳೆ, ಬೆಳಿಗ್ಗೆ ಕೊನೆಯ ಎರಡು ಗುಂಡಿಗಳನ್ನು ಮಾತ್ರ ತಾನು ಹಾಕಿಕೊಳ್ಳುತ್ತಾಳೆ. ಉಳಿದದ್ದು ನಮ್ಮ ಪಾಲು.

ಪ್ರಶ್ನೆ ಕೇಳಿದವರು, ಒಂದು ವಾರದ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕನೆಯ ದಿನ ನೀರಿಗೆ ಬಂದೆವು. ನಿನ್ನೆ ಅತ್ತೆಯವರಿಗೆ ಅವನೇ ಲೋಟ ತುಂಬಿಸಿ ಕೊಟ್ಟ, ಅವರು ಬಾಯಾರಿಕೆ ಇಲ್ಲದಿದ್ದರೂ ಪೂರ್ತಿ ಕುಡಿದರು. ಆದರೆ ಅವನು ಪಾತ್ರೆಯನ್ನು ಯಾವಾಗಲೂ ಎಡಗೈಯಲ್ಲಿ ಹಿಡಿಯುತ್ತಾನೆ, ಅತ್ತೆಯವರು ಬಲಗೈಗೆ ಬದಲಾಯಿಸುತ್ತಾರೆ. ಯಾವುದು ಸರಿ?

ಉತ್ತರ: ಮಾಂಟೆಸೊರಿ ಶಿಕ್ಷಕಿ, ಮೈಸೂರು

ಮುಂದೆ ಬರುವ ಕೈಗೇ ಕೆಲಸ ಬಿಡಿ, ಬಲವಂತ ಬೇಡ. ತೋರಿಸುವಾಗ ಪಕ್ಕದಲ್ಲಿ ಕೂರುವ ಬದಲು ಅವನ ಎದುರಿಗೆ ಕುಳಿತು ನಿಮ್ಮ ಬಲಗೈಯಿಂದ ಮಾಡಿ. ಅವನಿಗೆ ಅದು ಕನ್ನಡಿಯಲ್ಲಿ ಕಂಡಂತೆ ಎಡಗೈಯ ಕೆಲಸವಾಗಿಯೇ ಕಾಣುತ್ತದೆ.