ಟಪಾಲು ಪೆಟ್ಟಿಗೆಯ ಮೇಲಿನ ಹೆಸರು

ಕಾಕಾ, ನಮಸ್ಕಾರ. ತಮ್ಮನು ಓದಲಿಕ್ಕೆಂದು ಅಕ್ಟೋಬರ್‌ನಲ್ಲಿ ಜರ್ಮನಿಗೆ ಹೊರಟಿದ್ದಾನೆ, ಅವನೊಂದಿಗೆ ಎಷ್ಟು ರೊಟ್ಟಿ ಕಟ್ಟಿ ಕಳುಹಿಸಬೇಕು, ಅಲ್ಲಿ ಹೊಂದಿಕೊಳ್ಳಲು ಎಷ್ಟು ದಿನ ಹಿಡಿಯುತ್ತದೆ ಎಂದು ನಿನ್ನೆ ರಾತ್ರಿ ಮನೆಯವರ ಗ್ರೂಪಿನಲ್ಲಿ ಕೇಳಿದ್ದಿರಿ. ಹೇಳುವುದು ಬಹಳವಿರುವುದರಿಂದ ಮೊದಲು ಹಾಳೆಯ ಮೇಲೆ ಬರೆದುಕೊಂಡು ಈಗ ಓದುತ್ತಿದ್ದೇನೆ. ಮಾತು ಪುಸ್ತಕದಂತೆ ಕೇಳಿಸಿದರೆ ಕಾಕು ನಗಬಾರದು.

ರೊಟ್ಟಿಯ ಮಾತನ್ನು ಮೊದಲು ಮುಗಿಸುತ್ತೇನೆ. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಧಾರಾಳವಾಗಿ ಬರಲಿ. ಬೆಳಗಾವಿಯ ಕುಂದಾ ಮತ್ತು ಮನೆಯ ತುಪ್ಪ ಮಾತ್ರ ಬೇಡ, ಏಕೆಂದರೆ ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ಯಾಗಿನಲ್ಲಿ ತರುವುದಕ್ಕೆ ಯುರೋಪಿಯನ್ ಒಕ್ಕೂಟದ ನಿಯಮ ಒಪ್ಪುವುದಿಲ್ಲ. ಇಂಡಿ ಊರಿನ ನಿಂಬೆಹಣ್ಣು, ಹಸಿ ಕರಿಬೇವು ಕೂಡ ಸಸ್ಯಗಳ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬರುವಂತಿಲ್ಲ.

ಇನ್ನು ಹೊಂದಿಕೊಳ್ಳುವ ಮಾತು. ನಾನು ವಿಜಯಪುರದಿಂದ ಇಲ್ಲಿಗೆ, ಸ್ಟುಟ್‌ಗಾರ್ಟ್‌ಗೆ, ಬಂದ ಮೊದಲ ಎರಡು ತಿಂಗಳು ನನ್ನನ್ನು ಕಾಡಿದ್ದು ಚಳಿಗಿಂತ, ಊಟಕ್ಕಿಂತ ಹೆಚ್ಚಾಗಿ ವಿಳಾಸ. ಇಲ್ಲಿ ಕೊಠಡಿ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆಯ ಮಾಲೀಕರು ಸಹಿ ಮಾಡಿಕೊಡುವ ಕಾಗದವೊಂದು ಬೇಕು, ಅದರ ಜರ್ಮನ್ ಹೆಸರನ್ನು ಪೂರ್ತಿ ಉಚ್ಚರಿಸುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ. ಕೆಲವು ವಾರಗಳ ಮಟ್ಟಿಗೆ ಕೊಠಡಿ ಬಾಡಿಗೆಗೆ ಕೊಡುವವರಲ್ಲಿ ಹಲವರು ಆ ಕಾಗದ ಕೊಡಲು ಒಪ್ಪುವುದಿಲ್ಲ. ಆಗ ನೋಂದಣಿ ನಿಲ್ಲುತ್ತದೆ, ನೋಂದಣಿ ನಿಂತರೆ ಕೆಲಸಕ್ಕೆ ಬೇಕಾದ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಬರುವುದಿಲ್ಲ, ವೀಸಾ ಮುಗಿಯುವ ಮೊದಲು ಮಾಡಿಸಬೇಕಾದ ವಾಸದ ಪರವಾನಗಿಯ ಅರ್ಜಿಯೂ ಮುಂದೆ ಸಾಗುವುದಿಲ್ಲ.

ನನ್ನ ಕಾಗದ ಸರಿಯಾಗಿಯೇ ಇತ್ತು. ನೋಂದಣಿಯೂ ಆಯಿತು. ಆದರೂ ಮೂರು ವಾರ ಕಾದರೂ ಒಂದು ಟಪಾಲೂ ಬರಲಿಲ್ಲ. ಬ್ಯಾಂಕಿನ ಕಾರ್ಡು, ತೆರಿಗೆ ಸಂಖ್ಯೆ ಎರಡೂ ಕಳುಹಿಸಿದವರಿಗೇ ಹಿಂದಿರುಗಿದ್ದವು. ತಪ್ಪು ನನ್ನದೇ. ನಮ್ಮಲ್ಲಿ ಗೋಳಗುಮ್ಮಟದ ಹಿಂದಿನ ಓಣಿ ಎಂದು ಬರೆದು ಅಪ್ಪಾಜಿಯ ಹೆಸರು ಹಾಕಿದರೆ ಟಪಾಲಿನವನು ಮನೆಗೇ ತಂದು ಕೊಟ್ಟು, ಒಂದು ವಾಟಿ ಚಹಾ ಕುಡಿದು ಹೋಗುತ್ತಾನೆ. ಇಲ್ಲಿಯ ಕಟ್ಟಡಗಳಲ್ಲಿ ಬಾಗಿಲಿಗೆ ಸಂಖ್ಯೆಯಿರುವುದು ಅಪರೂಪ. ಕೆಳಗಿನ ಟಪಾಲು ಪೆಟ್ಟಿಗೆಯ ಮೇಲೆ ಇರುವ ಹೆಸರನ್ನು ನೋಡಿಯೇ ಟಪಾಲು ಹಾಕುತ್ತಾರೆ, ಹೆಸರಿಲ್ಲದಿದ್ದರೆ ಹಿಂದಕ್ಕೆ ಒಯ್ಯುತ್ತಾರೆ. ನನ್ನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರೇ ಇತ್ತು. ಹೀಗಾಗಿ ತಮ್ಮನು ಕೊಠಡಿಗೆ ಕಾಲಿಟ್ಟ ದಿನವೇ, ಬ್ಯಾಗ್ ಬಿಚ್ಚುವ ಮೊದಲು, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಬರೆದು ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಬೇಕು.

ಹಣದ ವಿಷಯವಾಗಿ ಒಂದೇ ಮಾತು. ವೀಸಾಕ್ಕಾಗಿ ತಡೆಖಾತೆಯಲ್ಲಿ, ಅಂದರೆ ಬ್ಲಾಕ್ಡ್ ಅಕೌಂಟಿನಲ್ಲಿ, ಇಡುವ 11,904 ಯೂರೋ ಒಮ್ಮೆಲೇ ಕೈಗೆ ಸಿಗುವುದಿಲ್ಲ. ತಿಂಗಳಿಗೆ 992 ಯೂರೋದಂತೆ ಬರುತ್ತದೆ, ಅದೂ ಅವನು ಬಂದು ತನ್ನ ಖಾತೆ ತೆರೆದ ಮೇಲೆ. ಡಿಪಾಜಿಟ್ ಎಂದು ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಕೇಳಲು ಇಲ್ಲಿ ಕಾನೂನಿನ ಅವಕಾಶವಿದೆಯಾದ್ದರಿಂದ ಮೊದಲ ತಿಂಗಳಿಗೆ ಬೇರೆ ಹಣ ಇರಲೇಬೇಕು. ಕೊಠಡಿ ನೋಡುವ ಮೊದಲೇ ಡಿಪಾಜಿಟ್ ಕಳುಹಿಸೆಂದು ಒತ್ತಾಯಿಸುವವರಿಗೆ ಒಂದು ಪೈಸೆಯನ್ನೂ ಕಳುಹಿಸಬೇಡಿರಿ.

ಕಾಕು ಕೇಳಿದ್ದ ಅಡುಗೆಯ ಬಗ್ಗೆ: ಜೋಳದ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ರಾತ್ರಿ ಹತ್ತೂವರೆಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ರಾತ್ರಿ ಹತ್ತರ ನಂತರ, ಮತ್ತು ರವಿವಾರ ಇಡೀ ದಿನ, ಸದ್ದು ಮಾಡಬಾರದೆಂಬುದು ಇಲ್ಲಿಯ ಕಟ್ಟುನಿಟ್ಟು. ಮರುದಿನ ನಾಲ್ಕು ರೊಟ್ಟಿ ಒಯ್ದು ಕೊಟ್ಟೆ. ತಿಂದರೋ ಗೋಡೆಗೆ ತೂಗುಹಾಕಿದರೋ ಗೊತ್ತಿಲ್ಲ, ಅಂದಿನಿಂದ ನನ್ನ ಟಪಾಲು ದೊಡ್ಡದಿದ್ದರೆ ಅವರೇ ತೆಗೆದಿಡುತ್ತಾರೆ. ರವಿವಾರ ಅಂಗಡಿಗಳೂ ಮುಚ್ಚಿರುತ್ತವೆ, ಆದ್ದರಿಂದ ಶನಿವಾರವೇ ಸಂತೆ ಮಾಡಿಕೊಳ್ಳಬೇಕು. ಅಕ್ಟೋಬರ್‌ನ ಕೊನೆಯ ರವಿವಾರ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ. ನಮ್ಮ ನಿಮ್ಮ ನಡುವಿನ ಮೂರೂವರೆ ತಾಸಿನ ಅಂತರ ನಾಲ್ಕೂವರೆ ಆಗುತ್ತದೆ, ಆ ದಿನ ಫೋನು ತಡವಾಯಿತೆಂದು ಕಾಕು ಗಾಬರಿಯಾಗುವುದು ಬೇಡ.

ಈಗ ಆಗಬೇಕಾದ ಕೆಲಸ ಒಂದಿದೆ. ಕೊಠಡಿಯ ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ನನಗೆ ಕಳುಹಿಸಲು ತಮ್ಮನಿಗೆ ಹೇಳಿರಿ. ನೋಂದಣಿಯ ಕಾಗದ ಕೊಡುವರೋ ಇಲ್ಲವೋ ಎಂದು ಮಾಲೀಕರನ್ನು ನಾನೇ ಜರ್ಮನ್‌ನಲ್ಲಿ ಕೇಳುತ್ತೇನೆ. ರೊಟ್ಟಿಯಲ್ಲಿ ಇಪ್ಪತ್ತನ್ನು ನನ್ನ ಹೆಸರಿಗೆ ಬೇರೆ ಕಟ್ಟಿಸಿರಿ.